ಅಕ್ಷರಕ್ಕೆ ಕಾಯದ ಪಾಠ

2024 ಜೂನ್ 19, ಬುಧವಾರ

ಈ ವರ್ಷ ನಾಲ್ಕನೇ ತರಗತಿ ನನ್ನದು. ಮೂರನೆಯ ತರಗತಿಯವರೆಗೆ ನಲಿ-ಕಲಿಯಲ್ಲಿ ಕಾರ್ಡು, ತಟ್ಟೆ, ಏಣಿ ಎಂದು ನೆಲದ ಮೇಲೆ ಕೂತು ಕಲಿತ ಮಕ್ಕಳು ಈಗ ಬೆಂಚಿಗೆ ಬಂದು ದಪ್ಪ ಪಠ್ಯಪುಸ್ತಕ ಹಿಡಿದಿದ್ದಾರೆ. ಯಾರು ಎಲ್ಲಿದ್ದಾರೆಂದು ತಿಳಿಯಲು ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಓದಿಸುತ್ತಿದ್ದೇನೆ.

ಇವತ್ತು ಕಿಟಕಿ ಪಕ್ಕದ ಹುಡುಗನ ಸರದಿ. 'ಅಗ್ನಿ'ಯನ್ನು 'ಅಗಿನ' ಎಂದ. 'ಮರ'ವನ್ನು 'ವರ' ಎಂದ. ಎರಡು ಸಾಲು ಕೆಳಗೆ ಅದೇ 'ಮರ' ಸರಿಯಾಗಿ ಬಂತು, ಪುಟ ತಿರುಗಿಸಿದ ಮೇಲೆ ಮತ್ತೆ 'ವರ' ಆಯಿತು. 'ಸೂರ್ಯ' ಬಂದಾಗ ನಿಂತೇಬಿಟ್ಟ. ಅಕ್ಷರದ ಕೆಳಗೆ ಬೆರಳು ಒತ್ತಿ ಹಿಡಿದಿದ್ದ, ಉಗುರು ಬೆಳ್ಳಗಾಗಿತ್ತು. ಪುಸ್ತಕ ಮುಚ್ಚಿಸಿ ಬೇರೆ ಮಾತು ತೆಗೆದೆ. ತಾರಕ ನಾಲೆಯಲ್ಲಿ ನೀರು ಬಿಟ್ಟರೆ ನಿಮ್ಮ ಗದ್ದೆಗೆ ಯಾವಾಗ ಬರುತ್ತೆ ಎಂದು ಕೇಳಿದ್ದೇ ತಡ, ತೂಬು ಎಲ್ಲಿದೆ, ಮೇಲಿನವರು ಮೊದಲು ಹೇಗೆ ಕಟ್ಟಿಕೊಳ್ಳುತ್ತಾರೆ, ಕೊನೆಯ ಗದ್ದೆಯವರು ರಾತ್ರಿ ಯಾಕೆ ಕಾವಲು ಕೂರುತ್ತಾರೆ ಎಂದು ಒಂದಕ್ಕೊಂದು ಕೊಂಡಿ ಹಾಕಿ ಹೇಳಿದ. ಇಡೀ ತರಗತಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಕಾರಣ ಜೋಡಿಸಿ ಮಾತಾಡುವವರು ಇನ್ನೊಬ್ಬರಿಲ್ಲ.

"ಕೊರೊನಾ ಬ್ಯಾಚು ಬಿಡಿ ಮೇಡಂ, ಎಲ್ಲಾ ಹಿಂಗೇ" ಎಂದರು ಜೊತೆಯ ಮೇಷ್ಟ್ರು. 2021ರ ಅಕ್ಟೋಬರ್ ಕೊನೆಗೆ ಒಂದನೇ ತರಗತಿಯ ಬಾಗಿಲು ತೆರೆದದ್ದು, ಮರುವರ್ಷವೆಲ್ಲ 'ಕಲಿಕಾ ಚೇತರಿಕೆ' ಎಂದು ಹಿಂದಿನದನ್ನು ಕಲಿಸಿದ್ದು ನಿಜ. ಆದರೆ ಆಗ ಹಿಂದುಳಿದ ಮಕ್ಕಳಲ್ಲಿ ಹೆಚ್ಚಿನವರು ಈಗ ತಡವರಿಸುತ್ತಲಾದರೂ ಓದುತ್ತಾರೆ. ಒಮ್ಮೆ ಕಲಿತ ಅಕ್ಷರ ಅವರನ್ನು ಬಿಟ್ಟುಹೋಗುವುದಿಲ್ಲ. ಇವನಿಗೆ ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ. ಡಿಸ್ಲೆಕ್ಸಿಯಾ ಇರಬಹುದೆಂಬ ಅನುಮಾನ ನನಗೆ ಬಲವಾಗಿದೆ.

ಜೂನ್ 27, ಗುರುವಾರ

ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಿತ್ತು. ಹುಡುಗನ ಕಣ್ಣು, ಕಿವಿ ಎರಡನ್ನೂ ನೋಡಿಸಿದೆ. ಎರಡೂ ಸರಿ. ಇದು ಮೊದಲು ಆಗಲೇಬೇಕಾದ ಕೆಲಸ. ಕಣ್ಣು ಮಂಜಾಗಿರುವ ಮಗುವಿಗೆ ದಡ್ಡನೆಂದು ಹೆಸರಿಡುವುದೂ ಉಂಟು.

ಡಿಸ್ಲೆಕ್ಸಿಯಾ ಕಣ್ಣಿನ ತೊಂದರೆಯಲ್ಲ ಎಂಬುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಅಕ್ಷರ ಉಲ್ಟಾ ಕಾಣುತ್ತದಂತೆ, ಕುಣಿಯುತ್ತದಂತೆ ಎಂದು ಎಲ್ಲರೂ ಅನ್ನುತ್ತಾರೆ. ತೊಡಕಿರುವುದು ಮಾತನ್ನು ಸದ್ದುಗಳಾಗಿ ಬಿಡಿಸಿ, ಆ ಸದ್ದನ್ನು ಗುರುತಿಗೆ ಜೋಡಿಸುವ ಮಿದುಳಿನ ಕೆಲಸದಲ್ಲಿ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ, ಸೋಮಾರಿತನಕ್ಕೂ ಇಲ್ಲ. ಇದಕ್ಕೆ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಮಾರುವವರಿದ್ದಾರೆ. ಅದರಿಂದ ಓದು ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ತಜ್ಞರೂ ನೇತ್ರ ತಜ್ಞರೂ 2009ರಲ್ಲೇ ಒಟ್ಟಾಗಿ ಹೇಳಿದ್ದಾರೆ. ಬಡವರ ದುಡ್ಡು ಅಲ್ಲಿ ಹೋಗಬಾರದು.

ರಾತ್ರಿ ಹಳೆಯ ತರಬೇತಿಯ ಟಿಪ್ಪಣಿ ತೆಗೆದು ನೋಡಿದೆ. 1896ರಲ್ಲಿ ಇಂಗ್ಲೆಂಡಿನ ಸಸೆಕ್ಸಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಚುರುಕು ಹುಡುಗ, ಕಣ್ಣು ಚೆನ್ನಾಗಿದೆ, ವರ್ಷಗಟ್ಟಲೆ ಪಾಠ ಹೇಳಿಸಿದ್ದಾರೆ, ಆದರೂ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರ ಮಾತು ನನ್ನನ್ನು ಹಿಡಿದು ಕೂರಿಸಿತು. ಹಾಗಾದರೆ ನಾನು ಮಾಡಬೇಕಾದದ್ದು ಎರಡು ಕೆಲಸ: ಅಕ್ಷರವನ್ನು ನಿಧಾನವಾಗಿ, ಬುಡದಿಂದ ಕಲಿಸುವುದು, ಅಲ್ಲಿಯವರೆಗೆ ಪರಿಸರ ಅಧ್ಯಯನ, ಗಣಿತ, ಕಥೆ ಯಾವುದನ್ನೂ ನಿಲ್ಲಿಸದೆ ಕಿವಿಯ ಮೂಲಕ ಕೊಡುತ್ತಾ ಹೋಗುವುದು. ಓದು ಬರಲಿ, ಆಮೇಲೆ ಉಳಿದದ್ದು ಎಂದು ಕಾದರೆ ಅವನು ಎಲ್ಲದರಲ್ಲೂ ಹಿಂದೆ ಬೀಳುತ್ತಾನೆ.

ಜುಲೈ 13, ಶನಿವಾರ

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ನಾವಿಬ್ಬರೇ ಕೂರುತ್ತೇವೆ. ಸ್ವಲ್ಪ ಹೊತ್ತು ಸಾಕು, ಆದರೆ ತಪ್ಪದೆ ದಿನಾ ಆಗಬೇಕು.

ನಮ್ಮ ಲಿಪಿಯನ್ನು ಹೀಗೆ ಒಂದು ಮಗುವಿನ ಪಕ್ಕ ಕೂತು ನೋಡಿದಾಗ ಅದರೊಳಗೆ ಎಷ್ಟು ಮಡಿಕೆಗಳಿವೆ ಎಂದು ಕಾಣುತ್ತಿದೆ. ಕನ್ನಡ ಬರೆದ ಹಾಗೆ ಓದುವ ಭಾಷೆ, ಇಲ್ಲಿ ಡಿಸ್ಲೆಕ್ಸಿಯಾ ಎಲ್ಲಿಂದ ಬರಬೇಕು ಎಂದು ಹಿಂದೆ ಯಾರೋ ಅಂದದ್ದುಂಟು. 'ಅಗ್ನಿ'ಯನ್ನೇ ತೆಗೆದುಕೊಳ್ಳೋಣ. ಗುಡಿಸು ಕೂತಿರುವುದು 'ಗ'ದ ತಲೆಯ ಮೇಲೆ, ಆದರೆ 'ಇ' ಸದ್ದು ಸೇರಬೇಕಾದದ್ದು ಕೆಳಗಿನ ನ-ಒತ್ತಿಗೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದರೆ 'ಅಗಿನ' ಆಗಲೇಬೇಕು. ಹುಡುಗ ತಪ್ಪು ಓದಲಿಲ್ಲ, ಕಂಡದ್ದನ್ನು ಕಂಡ ಹಾಗೆ ಓದಿದ. ಅರ್ಕಾವತ್ತು ಇನ್ನೂ ಕಷ್ಟ. 'ಕರ್ನಾಟಕ'ದಲ್ಲಿ ರಕಾರ ಮೊದಲು ನುಡಿಯುತ್ತದೆ, ಆದರೆ ಅದರ ಗುರುತು 'ನಾ' ಆದ ಮೇಲೆ ಬರುತ್ತದೆ. ಮಿಕ್ಕ ಮಕ್ಕಳು ನೂರು ಸಲ ಕಂಡು ತಾವಾಗಿಯೇ ಹಿಡಿದುಕೊಳ್ಳುವ ಈ ನಿಯಮವನ್ನು ಇವನಿಗೆ ಬಾಯಿಬಿಟ್ಟು ಹೇಳಿಕೊಡಬೇಕು, ಹೇಳಿದ್ದನ್ನು ಮತ್ತೆ ಮತ್ತೆ ಮಾಡಿಸಬೇಕು.

ನಲಿ-ಕಲಿ ಹುಟ್ಟಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ, 1995ರಲ್ಲಿ. ಅದರ ಮೇಲೆ ನನಗೆ ಅಪಾರ ಗೌರವವಿದೆ, ಎಷ್ಟೋ ಮಕ್ಕಳ ಭಯ ಬಿಡಿಸಿದ ಪದ್ಧತಿ ಅದು. ವರ್ಣಮಾಲೆಯ ಸಾಲು ಬಿಟ್ಟು, ಬರೆಯಲು ಸುಲಭವಾದ 'ರ ಗ ಸ ದ ಅ'ದಿಂದ ಶುರುಮಾಡುವುದೂ ಜಾಣತನ. ಆದರೆ ಮುಂದಿನ ಗುಂಪು 'ಜ ವ ಮ ಬ ನ'. ಅಲ್ಲಿ 'ವ', 'ಮ' ಅಕ್ಕಪಕ್ಕ ಬರುತ್ತವೆ. ಒಂದರಿಂದ ಇನ್ನೊಂದು ಬರೆಯುವುದು ಸಲೀಸು ಎಂಬ ಲೆಕ್ಕ ಅದು. ಈ ಹುಡುಗನಂಥವರಿಗೆ ಮಾತ್ರ ಅದೇ ಗೊಂದಲದ ಗೂಡು. ಹಾಗಾಗಿ ಇವನಿಗೆ 'ಮ' ಗಟ್ಟಿಯಾಗುವವರೆಗೆ 'ವ' ತೋರಿಸುತ್ತಿಲ್ಲ. 'ದ-ಧ', 'ಬ-ಭ', 'ಪ-ಷ' ಜೋಡಿಗಳನ್ನೂ ಹೀಗೇ ದೂರ ದೂರ ಇಟ್ಟಿದ್ದೇನೆ.

ಪಾಠ ಸದ್ದಿನಿಂದ ಶುರು. ಪುಸ್ತಕವಿಲ್ಲ, ಬರೀ ಬಾಯಿ. "ಕಿತ್ತಳೆ"ಯನ್ನು ಚಪ್ಪಾಳೆಗೊಂದರಂತೆ ಬಿಡಿಸು. ಮೊದಲನೆಯದನ್ನು ತೆಗೆದರೆ ಏನುಳಿಯಿತು? 'ಕಿ'ಯಲ್ಲಿ ಏನೇನಿದೆ? ಚಪ್ಪಾಳೆ ಸುಲಭವಾಗಿ ಬಂತು. 'ಕಿ' ಒಡೆದು 'ಕ್', 'ಇ' ಎನ್ನುವುದಕ್ಕೆ ಬಹಳ ಕಷ್ಟಪಟ್ಟ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿದೆ: ಕನ್ನಡದ ಮಕ್ಕಳಿಗೆ ಅಕ್ಷರದ ಅರಿವು ಮೊದಲು, ಅದರೊಳಗಿನ ಬಿಡಿ ಸದ್ದಿನ ಅರಿವು ನಿಧಾನ, ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ತರಗತಿಯೂ ಆಗಬಹುದು. ಎಲ್ಲ ಮಕ್ಕಳಿಗೂ ಅಷ್ಟು ಕಾಲ ಬೇಕೆಂದರೆ ಇವನಿಗೆ ಇನ್ನೆಷ್ಟು!

ಸದ್ದಾದ ಮೇಲೆ ಮರಳ ತಟ್ಟೆ. ಬೆರಳಿನಲ್ಲಿ ಬರೆಯುತ್ತಾ ಬಾಯಲ್ಲಿ ಹೇಳಬೇಕು: ತಲಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ. ಕೈ, ಕಣ್ಣು, ಬಾಯಿ, ಕಿವಿ ಒಟ್ಟಿಗೆ ಕೆಲಸ ಮಾಡಲಿ ಎಂದು ಈ ಹಳೆಯ ಕಾಗುಣಿತದ ಹಾಡನ್ನೇ ಬಳಸುತ್ತಿದ್ದೇನೆ. ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಒಳ್ಳೆಯ ತಿಳಿವಳಿಕೆಯಿತ್ತು.

ಜುಲೈ 30, ಮಂಗಳವಾರ

ಮುಖ್ಯೋಪಾಧ್ಯಾಯರಿಗೆ ವಿಷಯ ಹೇಳಿದೆ. ಅವರು ಆಸ್ಥೆಯಿಂದಲೇ ಕೇಳಿ, "ಚಿತ್ರ ಚೆನ್ನಾಗಿ ಬಿಡಿಸ್ತಾನಾ?" ಎಂದರು. 'ತಾರೇ ಜಮೀನ್ ಪರ್' ನೋಡಿದವರೆಲ್ಲ ಕೇಳುವ ಪ್ರಶ್ನೆ ಅದು. 2007ರಲ್ಲಿ ಬಂದ ಆ ಸಿನಿಮಾ ಈ ದೇಶದ ಮನೆಮನೆಗೆ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಮುಟ್ಟಿಸಿತು, ಅದರ ಉಪಕಾರ ದೊಡ್ಡದು. ಜೊತೆಗೆ ಒಂದು ನಿರೀಕ್ಷೆಯನ್ನೂ ಬಿತ್ತಿತು, ಓದು ಬರದ ಮಗುವಿನೊಳಗೆ ಯಾವುದೋ ಅಪರೂಪದ ಪ್ರತಿಭೆ ಅಡಗಿರುತ್ತದೆ ಎಂದು.

ಈ ಹುಡುಗನ ಚಿತ್ರ ಸಾಧಾರಣ. ಹಾಡು, ಓಟ ಎಲ್ಲ ಎಲ್ಲರ ಹಾಗೆ. ಇರಲಿ. ಓದು ಕಲಿಸಿಕೊಳ್ಳುವ ಹಕ್ಕಿಗೆ ಅವನು ಬದಲಿಗೆ ಏನನ್ನೂ ತೋರಿಸಬೇಕಾಗಿಲ್ಲ.

ಆಗಸ್ಟ್ 18, ಭಾನುವಾರ

ಹುಡುಗನ ಮನೆಗೆ ಹೋಗಿದ್ದೆ. ಹೊಗೆಸೊಪ್ಪಿನ ಕಾಲ. ಸೊಪ್ಪು ಹದಮಾಡುವ ಬ್ಯಾರನ್ ಪಕ್ಕದ ಚಪ್ಪರದ ಕೆಳಗೆ ಅವರಮ್ಮ ಸೊಪ್ಪು ಕಡ್ಡಿಗೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಮಾತಾಡಿದರು. "ದಿನಾ ಒಂದೊಂದ್ ಪದ ಹತ್ತತ್ ಸಲ ಬರೆಸ್ತೀನಿ ಮೇಡಂ. ಬರಿಯಾಗಂಟ ಬರೀತಾನೆ. ಆಮೇಕೆ ಓದ್ಲಾ ಅಂದ್ರೆ ಮುಖ ನೋಡ್ತಾನೆ. ಹೊಡ್ದೂ ನೋಡಾಯ್ತು." ಹುಡುಗ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ.

ಅವನ ನಕಲು ಪುಸ್ತಕ ತರಿಸಿ ನೋಡಿದೆ. 'ಪುಸ್ತಕ' ಎಂದು ಮೊದಲ ಸಾಲಿನಲ್ಲಿ ಸರಿಯಾಗಿದೆ. ಮೂರನೆಯ ಸಾಲಿಗೆ ತ-ಒತ್ತು ಮಾಯ. ಆಮೇಲೆ ಕೊಂಬು 'ಸ'ಕ್ಕೆ ಹೋಗಿದೆ. ಕೆಳಗೆ ಕೆಳಗೆ ಹೋದಂತೆ ಅವನು ತನ್ನದೇ ತಪ್ಪನ್ನು ನೋಡಿ ನೋಡಿ ನಕಲು ಮಾಡಿದ್ದಾನೆ. ಅದನ್ನೇ ತೋರಿಸಿ ಅವರಮ್ಮನಿಗೆ ಹೇಳಿದೆ: ಈ ಬರವಣಿಗೆಯಿಂದ ತಪ್ಪೇ ಗಟ್ಟಿಯಾಗುತ್ತೆ, ಇವತ್ತಿಗೇ ಬಿಟ್ಟುಬಿಡಿ. ಅವರ ಮುಖದಲ್ಲಿ ನಿರಾಳ ಕಂಡೆ. ದಿನವಿಡೀ ಕೂಲಿ ಮಾಡಿ ಬಂದು ಮಗನನ್ನು ಹಿಡಿದು ಬರೆಸುವುದು ಅವರಿಗೂ ಶಿಕ್ಷೆಯೇ ಆಗಿತ್ತು.

ಬದಲಿಗೆ ಮಾಡಬೇಕಾದದ್ದನ್ನು ಅವನ ಅಕ್ಕನಿಗೆ ಹೇಳಿಕೊಟ್ಟೆ. ಏಳನೇ ತರಗತಿಯವಳು, ಗಟ್ಟಿ ಹುಡುಗಿ. ಪಾಠವನ್ನು ಅವಳು ಜೋರಾಗಿ ಓದಬೇಕು, ಅವನು ಕೇಳಿ ತನ್ನ ಮಾತಿನಲ್ಲಿ ಹೇಳಬೇಕು. ಓದಿಸುವುದು ಹತ್ತು ನಿಮಿಷ ಮಾತ್ರ, ನಾನು ಕಳಿಸುವ ಸುಲಭದ ಪುಟದಿಂದ, ಅವಳೊಂದು ಸಾಲು ಅವನೊಂದು ಸಾಲು. ತಡೆದರೆ ಐದು ಎಣಿಸುವಷ್ಟು ಹೊತ್ತು ಕಾದು ಪದ ಹೇಳಿಬಿಡಬೇಕು. ನಗಬಾರದು, 'ಇಷ್ಟೂ ಬರಲ್ವಾ' ಅನ್ನಬಾರದು. ಫೋನಿನಲ್ಲಿ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನ ಕನ್ನಡ ಕಥೆಗಳನ್ನು ತೋರಿಸಿದೆ. ದೊಡ್ಡ ಅಕ್ಷರ, ಪುಟಕ್ಕೆ ಒಂದೆರಡು ಸಾಲು, ದುಡ್ಡಿಲ್ಲ.

ಅವರಪ್ಪ ಅಷ್ಟು ಹೊತ್ತೂ ಸುಮ್ಮನಿದ್ದವರು ಬಸ್ಸಿನ ಹತ್ತಿರ ಬಿಡಲು ಬಂದಾಗ ಬಾಯಿಬಿಟ್ಟರು. "ನಂಗೂ ಹಿಂಗೇಯ ಇತ್ತು ಮೇಡಂ. ಮೇಷ್ಟ್ರು ಬೋರ್ಡ್ ತಾವ್ ಕರೀತಾರೆ ಅಂತಾವ ಇಸ್ಕೂಲೇ ಬುಟ್ಬುಟ್ಟೆ. ಇವ್ನೂ ಬುಟ್ಟಾನೇನೋ ಅಂತ." ಡಿಸ್ಲೆಕ್ಸಿಯಾ ಮನೆತನದಲ್ಲಿ ಇಳಿದು ಬರುವುದುಂಟು, ಅದು ಯಾರ ತಪ್ಪೂ ಅಲ್ಲ ಎಂದೆ. ತಮ್ಮ ಬಾಲ್ಯಕ್ಕೂ ಒಂದು ಕಾರಣವಿತ್ತು ಎಂಬುದು ಅವರಿಗೆ ಇಷ್ಟು ವರ್ಷಕ್ಕೆ ತಿಳಿಯಿತು. ಆ ಮನುಷ್ಯನಿಗೆ ಓದು ಕಲಿಸಲು ಆಗ ಯಾರೂ ಇರಲಿಲ್ಲವಲ್ಲ ಎಂದು ಸಂಕಟವಾಗುತ್ತಿದೆ.

ಹುಡುಗ ನಮ್ಮ ಹಿಂದೆಯೇ ಬಂದಿದ್ದ. "ಮಿಸ್, ಇದು ವಾಸಿ ಆಯ್ತದಾ?"

"ಇದು ಜ್ವರ ಅಲ್ಲ ಕಣೋ, ಮಾತ್ರೆಗೆ ಹೋಗಲ್ಲ. ಓದೋದು ನಿನಗೆ ಬೇರೆಯವರಿಗಿಂತ ನಿಧಾನ ಇರಬಹುದು, ದೊಡ್ಡವನಾದ ಮೇಲೂ. ಆದರೆ ಓದು ಬಂದೇ ಬರುತ್ತೆ. ನಿನ್ನ ಬುದ್ಧಿಗೆ ಏನೂ ಆಗಿಲ್ಲ." ಮಕ್ಕಳಿಗೆ ಸುಳ್ಳು ಸಮಾಧಾನ ಹೇಳಬಾರದು.

ಸೆಪ್ಟೆಂಬರ್ 24, ಮಂಗಳವಾರ

ಸಂಕಲನಾತ್ಮಕ ಪರೀಕ್ಷೆ. ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಅವನಿಗೆ ನಾನೇ ಓದಿದೆ, ಬಾಯಿಯಲ್ಲಿ ಉತ್ತರ ಪಡೆದೆ. ಬಹುತೇಕ ಎಲ್ಲಕ್ಕೂ ಸರಿಯಾಗಿ ಹೇಳಿದ. ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ಪತ್ರಿಕೆ ಕೇಳುವುದು ಮಣ್ಣಿನ ವಿಧ, ನೀರಿನ ಮೂಲ. ಒತ್ತಕ್ಷರ ಬರುತ್ತದೋ ಇಲ್ಲವೋ ಎಂದು ಅದು ಕೇಳುತ್ತಿಲ್ಲ. ಕನ್ನಡದ ಪರೀಕ್ಷೆಯಲ್ಲಿ ಅದನ್ನು ಕೇಳಿದೆ, ಬಂದಷ್ಟು ಅಂಕ ಕೊಟ್ಟೆ.

ತರಗತಿಯಲ್ಲೂ ಒಂದು ನಿಯಮ ತಂದಿದ್ದೇನೆ: ಯಾರನ್ನೂ ಇದ್ದಕ್ಕಿದ್ದಂತೆ ಎಬ್ಬಿಸಿ ಗಟ್ಟಿಯಾಗಿ ಓದಿಸುವುದಿಲ್ಲ. ನಾಳೆ ಓದಬೇಕಾದ ಸಾಲುಗಳನ್ನು ಇವತ್ತೇ ಹೇಳಿಕಳಿಸುತ್ತೇನೆ. ಇದು ಅವನಿಗೆಂದು ಮಾಡಿದ್ದು, ಆದರೆ ಹಿಂದಿನ ಬೆಂಚಿನಲ್ಲಿ ಇಷ್ಟು ದಿನ ಬಾಯಿ ಬಿಡದಿದ್ದ ಇಬ್ಬರು ಹೆಣ್ಣುಮಕ್ಕಳೂ ಈಗ ಕೈ ಎತ್ತುತ್ತಿದ್ದಾರೆ.

ಅಕ್ಟೋಬರ್ 16, ಬುಧವಾರ

ದಸರಾ ರಜೆ. ತಾಯಿ-ಮಗನ ಜೊತೆ ಮೈಸೂರಿಗೆ ಹೋಗಿ ಬಂದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರು ಹೇಳಿದ್ದರು, ಅಲ್ಲಿ ಮಾತಿನ ತೊಂದರೆಯಷ್ಟೇ ಅಲ್ಲ, ಕಲಿಕೆಯ ತೊಂದರೆಯನ್ನೂ ನೋಡುತ್ತಾರೆ ಎಂದು. ಬೆಳಗಿನ ಮೊದಲ ಬಸ್ಸು ಹಿಡಿದೆವು. ಕನ್ನಡದಲ್ಲೇ ಓದಿಸಿದರು, ಬರೆಸಿದರು, ಅರ್ಥವಿಲ್ಲದ ಪದ ಕೊಟ್ಟು ನೋಡಿದರು, ಸದ್ದು ಬಿಡಿಸಲು ಹೇಳಿದರು. ಬುದ್ಧಿಮತ್ತೆಯ ಪರೀಕ್ಷೆಯೂ ಬೇರೆಯಾಗಿ ಆಗಬೇಕು, ಇನ್ನೊಮ್ಮೆ ಬರಬೇಕು. ಅವರಮ್ಮನಿಗೆ ಇನ್ನೊಂದು ದಿನದ ಕೂಲಿ ಹೋಗುತ್ತದೆ.

ಮನೆಯ ಭಾಷೆಯಲ್ಲಿ ಪರೀಕ್ಷಿಸುವುದು ಎಷ್ಟು ಮುಖ್ಯ! ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಓದಿಸಿ ತೊಂದರೆ ಇದೆ ಎನ್ನುವುದರಲ್ಲಿ ಅರ್ಥವಿಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ಶಿಕ್ಷಕರೇ ಮೊದಲ ಗುರುತು ಹಿಡಿಯಲು ಅದರಲ್ಲಿ ಪ್ರಶ್ನಾವಳಿಗಳಿವೆ. ಪ್ರತಿ ಸರ್ಕಾರಿ ಶಾಲೆಯ ಬೀರುವಿನಲ್ಲೂ ಅದು ಇರಬೇಕು.

ಪ್ರಮಾಣಪತ್ರದ ಬಗ್ಗೆ ಅವರಮ್ಮನಿಗೆ ಬಸ್ಸಿನಲ್ಲಿ ಬಿಡಿಸಿ ಹೇಳಿದೆ. 1995ರ ಅಂಗವಿಕಲರ ಕಾನೂನಿನಲ್ಲಿ ಇಂಥ ಮಕ್ಕಳ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿತು. ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡಬೇಕಾದದ್ದು ಶಿಕ್ಷಣ ಸಂಸ್ಥೆಯ ಹೊಣೆ ಎಂದು ಅದರ 16ನೆಯ ಕಲಮು ಹೇಳುತ್ತದೆ. 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೆ ಮತ್ತೆ, 18ಕ್ಕೆ ಮತ್ತೆ. 18ರದ್ದು ಬದುಕಿರುವವರೆಗೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಲಿಪಿಕಾರರನ್ನು, ಹೆಚ್ಚಿನ ಸಮಯವನ್ನು ಕೇಳಲು ಆ ಕಾಗದ ಬೇಕು. "ಅಂಗವಿಕಲ ಅಂತ ಬರ್ಕೊಡ್ತಾರಾ ಮೇಡಂ?" ಎಂದು ಕೇಳಿದವರು ಆಮೇಲೆ ಊರು ಬರುವವರೆಗೆ ಮಾತಾಡಲಿಲ್ಲ. ಆ ಹಿಂಜರಿಕೆಯನ್ನು ಹಗುರವಾಗಿ ಕಾಣಲು ನನಗಾಗದು. ಕಾಗದ ಮಾಡಿಸುವುದು ಬಿಡುವುದು ಅವರ ತೀರ್ಮಾನ. ನನ್ನ ಇಪ್ಪತ್ತು ನಿಮಿಷಕ್ಕೆ ಕಾಗದ ಬೇಕಿಲ್ಲ.

ಡಿಸೆಂಬರ್ 3, ಮಂಗಳವಾರ

ವಿಶ್ವ ಅಂಗವಿಕಲರ ದಿನ. ಓದಲಾಗದವರಿಗೂ ಪುಸ್ತಕ ಸಿಗಲೆಂದು ಮಾಡಿಕೊಂಡ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ. ಕಣ್ಣು ಕಾಣದವರ ಜೊತೆ ಡಿಸ್ಲೆಕ್ಸಿಯಾ ಇರುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಹಾಗಾಗಿ ನಾಲ್ಕನೇ ತರಗತಿಯ ಪಾಠಗಳನ್ನು ನನ್ನ ದನಿಯಲ್ಲೇ ಫೋನಿಗೆ ಓದಿ ಅವನ ಅಕ್ಕನಿಗೆ ಕಳಿಸಲು ಶುರುಮಾಡಿದೆ. ರಾತ್ರಿ ಊಟವಾದ ಮೇಲೆ ಮೂವರೂ ಕೂತು ಕೇಳುತ್ತಾರಂತೆ, ಅಪ್ಪನೂ ಸೇರಿ.

2025 ಜನವರಿ 21, ಮಂಗಳವಾರ

ಸಂಕ್ರಾಂತಿಯ ನಂತರ ಹಿಂದಕ್ಕೆ ಜಾರಿದ್ದಾನೆ. ಗಟ್ಟಿಯಾಗಿದ್ದ ಸ-ಒತ್ತು, ಲ-ಒತ್ತು ಮತ್ತೆ ಅದಲುಬದಲು. ಇವತ್ತು ಮರಳ ತಟ್ಟೆಯನ್ನೇ ದೂಡಿದ. "ನಂಗೆ ಬರಲ್ಲ ಮಿಸ್, ಬುಡಿ" ಎಂದ. ಒತ್ತಾಯ ಮಾಡಲಿಲ್ಲ. ಅವನಿಗೆ ಬರುವ ಪುಟವನ್ನೇ ಓದಿಸಿ ಕಳಿಸಿದೆ. ಇಂಥ ಮಕ್ಕಳಿಗೆ ಕಲಿತದ್ದನ್ನು ಬೇರೆಯವರಿಗಿಂತ ಹೆಚ್ಚು ಸಲ ತಿರುವಿಹಾಕಬೇಕು. ನಡುವೆ ರಜೆ ಬಂದರೆ ಸಡಿಲವಾಗುತ್ತದೆ.

ಜೊತೆಗೆ ಇಂಗ್ಲಿಷ್ ಬೇರೆ. ಒಂದೇ ಅಕ್ಷರಕ್ಕೆ ಪದಕ್ಕೊಂದು ಸದ್ದು. ಕನ್ನಡದಲ್ಲಿ ನಿಯಮವನ್ನಾದರೂ ಹೇಳಿಕೊಡಬಹುದು. ಸದ್ಯಕ್ಕೆ ಇವನಿಗೆ ಇಂಗ್ಲಿಷನ್ನು ಮಾತಿನಲ್ಲಿ ಮಾತ್ರ ಕಲಿಸುವುದೆಂದು ನಿರ್ಧರಿಸಿದ್ದೇನೆ: ಹಾಡು, ಸಣ್ಣ ಸಂಭಾಷಣೆ, ವಸ್ತುಗಳ ಹೆಸರು. ಆರನೇ ತರಗತಿಗೆ ಹಿಂದಿ ಬರುತ್ತದೆ, ಅದು ಮೂರನೆಯ ಲಿಪಿ. ಒಂದು ಲಿಪಿಯಲ್ಲೇ ಕಾಲೂರಲು ಇಷ್ಟು ಶ್ರಮಪಡುವ ಮಗುವಿನ ಮೇಲೆ ಮೂರನ್ನು ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಸಿಬಿಎಸ್‌ಇಯಲ್ಲಿ ಇಂಥ ಮಕ್ಕಳಿಗೆ ಮೂರನೆಯ ಭಾಷೆಯಿಂದ ವಿನಾಯಿತಿ ಇದೆ. ಹಳ್ಳಿಯ ಶಾಲೆಯ ಮಗುವಿಗೂ ಅಂಥ ರಿಯಾಯಿತಿ ತಾನಾಗಿಯೇ ತಲುಪುವಂತಾಗಬೇಕು.

ಮಾರ್ಚ್ 20, ಗುರುವಾರ

ಜೂನ್‌ನಲ್ಲಿ ನಿಂತುಬಿಟ್ಟಿದ್ದ ಪುಟವನ್ನು ಓದಿದ. ನಿಧಾನ, ತಡವರಿಕೆ ಇದೆ. 'ಸೂರ್ಯ'ದ ಹತ್ತಿರ ಬೆರಳಿನಿಂದ ಅರ್ಕಾವತ್ತನ್ನು ಮುಟ್ಟಿ, ಹಿಂದಕ್ಕೆ ಬಂದು, 'ಸೂರ್-ಯ' ಎಂದ. ಎರಡನೆಯ ತರಗತಿಯ ಮಟ್ಟ ಬಂದಿದೆ. ವಯಸ್ಸಿಗೆ ತಕ್ಕ ಮಟ್ಟ ಇನ್ನೂ ದೂರ. ಪರಿಸರ ಅಧ್ಯಯನದಲ್ಲಿ, ಬಾಯಿಲೆಕ್ಕದಲ್ಲಿ ಮುಂದಿನವರ ಸಾಲಿನಲ್ಲಿದ್ದಾನೆ. ಅವರಮ್ಮ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಒಪ್ಪಿದ್ದಾರೆ. ಅವರಪ್ಪನೇ ಒತ್ತಾಯ ಮಾಡಿದರಂತೆ.

ಐದನೆಯ ತರಗತಿಯ ಮೇಷ್ಟ್ರಿಗೆ ಒಂದು ಪುಟ ಬರೆದಿಟ್ಟಿದ್ದೇನೆ. ಯಾವ ಒತ್ತಕ್ಷರ ಬಂದಿವೆ, ಯಾವುವು ಬಾಕಿ. 'ಧ', 'ಭ' ಇನ್ನೂ ಶುರುಮಾಡಿಲ್ಲ. ಬೋರ್ಡಿನಿಂದ ಇಳಿಸಿಕೊಳ್ಳಲು ಹೇಳಬೇಡಿ, ಬರೆದ ಹಾಳೆ ಕೊಡಿ. ಕೆಂಪು ಶಾಯಿಯಲ್ಲಿ ಎಲ್ಲ ತಪ್ಪನ್ನೂ ಗುರುತಿಸಬೇಡಿ, ಆ ವಾರ ಕಲಿಸಿದ್ದನ್ನು ಮಾತ್ರ ತಿದ್ದಿ. ಪಾಠ ಮೊದಲು ಓದಿ ಹೇಳಿ, ಪ್ರಶ್ನೆ ಬಾಯಲ್ಲಿ ಕೇಳಿ. ಬೆಳಗಿನ ಇಪ್ಪತ್ತು ನಿಮಿಷ ನಿಮಗೆ ಆಗದಿದ್ದರೆ ನನ್ನ ಹತ್ತಿರ ಕಳಿಸಿ. ಕಾಗದ ಕೊಟ್ಟು ಸುಮ್ಮನಾದರೆ ಅದು ಕಡತಕ್ಕೆ ಹೋಗಿಬಿಡುತ್ತದೆ. ನಾಳೆ ಊಟದ ಬಿಡುವಿನಲ್ಲಿ ಅವರ ಜೊತೆ ಕೂತು, ಹುಡುಗನನ್ನೂ ಕರೆದು, ಒಂದು ಸಲ ಓದಿಸಿ ತೋರಿಸಬೇಕು.